ಮೇಣದ ಹಾಳೆಯ ಮೇಲೆ ಅಜ್ಜನ ಅಕ್ಷರ

ಆ ಯಂತ್ರ ನಮ್ಮ ಶಾಲೆಗೆ ಬಂದದ್ದು ಬಸ್ಸಿನ ತಲೆಯ ಮೇಲೆ ಕೂತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಂಗಳೂರಿನಿಂದ ಬೆಳ್ತಂಗಡಿಗೆ ಬರುವ ಮಧ್ಯಾಹ್ನದ ಬಸ್ಸಿನ ಮೇಲೆ, ಬಾಳೆಗೊನೆಗಳ ನಡುವೆ, ಹಗ್ಗ ಬಿಗಿದ ಮರದ ಪೆಟ್ಟಿಗೆಯೊಳಗೆ ಅದು ಪ್ರಯಾಣ ಮಾಡಿತ್ತು. ಇಳಿಸುವಾಗ ಕಂಡಕ್ಟರು ಸೊಂಟ ಹಿಡಿದುಕೊಂಡು, "ಎಂತ ಉಂಟು ಮಾರಾಯ್ರೇ ಇದರಲ್ಲಿ, ಅರೆಯುವ ಕಲ್ಲಾ?" ಎಂದು ಕೇಳಿದ. ನಮ್ಮ ಹೆಡ್‌ಮಾಸ್ಟ್ರು ಮೀಸೆಯಡಿಯಲ್ಲೇ ನಕ್ಕು, "ಸೈಕ್ಲೋಸ್ಟೈಲ್" ಎಂದರು. ಮಂತ್ರ ಹೇಳಿದ ಹಾಗಿತ್ತು.

ನಾನು ಆ ಶಾಲೆಯಲ್ಲಿ ಟೀಚರು. ವಾರವಿಡೀ ಬೆಳ್ತಂಗಡಿಯ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಶಾಲೆ ಬಿಟ್ಟ ಕೂಡಲೇ ಗುರುವಾಯನಕೆರೆಗೆ ಹೋಗಿ ಅಲ್ಲಿಂದ ಮೂಡಬಿದ್ರೆಯ ಬಸ್ಸು ಹಿಡಿದು ಮನೆ ಸೇರುತ್ತಿದ್ದೆ. ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದು ಶಾಲೆಯಲ್ಲಿ ನಾನೊಬ್ಬಳೇ. "ನಿಮಗೆ ಟೈಪು ಬರ್ತದೆ, ಹಾಗಾದರೆ ಇದೂ ಬರ್ತದೆ" ಎಂದು ಹೆಡ್‌ಮಾಸ್ಟ್ರು ತೀರ್ಮಾನಿಸಿದರು. ಈ ತರ್ಕಕ್ಕೆ ನಾನು ಉತ್ತರ ಹುಡುಕುವುದರೊಳಗೆ ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆ ನನ್ನ ಕೈಯಲ್ಲಿತ್ತು.

ಆ ಪುಸ್ತಿಕೆಯನ್ನು ನಾನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಅದರ ಪ್ರಕಾರ ಇಡೀ ವಿದ್ಯೆ ಇರುವುದು ಸ್ಟೆನ್ಸಿಲ್ ಎಂಬ ಒಂದು ನೀಲಿ ಹಾಳೆಯಲ್ಲಿ. ತೆಳ್ಳಗಿನ ಕಾಗದಕ್ಕೆ ಮೇಣ ಬಳಿದಿರುತ್ತದೆ. ರಿಬ್ಬನ್ ತೆಗೆದ ಟೈಪ್‌ರೈಟರಿನಲ್ಲಿ ಅದರ ಮೇಲೆ ಅಕ್ಷರ ಕುಟ್ಟಿದರೆ, ಕುಟ್ಟಿದಲ್ಲಿ ಮೇಣ ಸರಿದು ದಾರಿಯಾಗುತ್ತದೆ. ಹಾಳೆಯ ತಲೆಯಲ್ಲಿರುವ ತೂತುಗಳನ್ನು ಯಂತ್ರದ ಡ್ರಮ್ಮಿನ ಕೊಕ್ಕೆಗಳಿಗೆ ಸಿಕ್ಕಿಸಿ, ಸುಕ್ಕಿಲ್ಲದ ಹಾಗೆ ಸವರಿ, ಹಿಡಿ ತಿರುಗಿಸಬೇಕು. ಡ್ರಮ್ಮಿನ ಒಳಗಿನ ಶಾಯಿ ಆ ದಾರಿಯಲ್ಲಿ ಮಾತ್ರ ಹೊರಗೆ ಬಂದು ಕಾಗದದ ಮೇಲೆ ಕೂರುತ್ತದೆ. ಕೇಳುವುದಕ್ಕೆ ಇಷ್ಟೇ.

ಅಲ್ಲಿಯವರೆಗೆ ನಮಗೆ ಗೊತ್ತಿದ್ದ ನಕಲೆಂದರೆ ಕಾರ್ಬನ್ ಕಾಗದದ್ದು. ಮೊದಲನೆಯದು ಅಕ್ಷರ, ಎರಡನೆಯದು ಅಕ್ಷರದ ನೆರಳು, ಮೂರನೆಯದನ್ನು ಬಿಸಿಲಿಗೆ ಹಿಡಿದು ಊಹಿಸಬೇಕು. ಪರೀಕ್ಷೆಯ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು ಹಾಕುತ್ತಿದ್ದೆವು. ಹಿಂದಿನ ಬೆಂಚಿನವರು ಎದ್ದು ನಿಂತು ಓದುತ್ತಿದ್ದರು. ಈಗ ನಾನು ಮೊದಲ ಸಲ ಹಿಡಿ ತಿರುಗಿಸಿದೆ. ಒಂದು ಹಾಳೆ ಒಳಗೆ ಹೋಗಿ ಈಚೆ ಬಂತು, ಅದರ ಮೇಲೆ ಇಂಗ್ಲಿಷ್ ಪ್ರಶ್ನೆಪತ್ರಿಕೆ ಕಪ್ಪಗೆ ಹೊಳೆಯುತ್ತಿತ್ತು. ಇನ್ನೊಂದು ಬಂತು, ಅದೂ ಹಾಗೆಯೇ. ಮತ್ತೊಂದು, ಮಗದೊಂದು. ಪಕ್ಕದಲ್ಲಿ ನಿಂತಿದ್ದ ಡ್ರಿಲ್ ಮಾಸ್ಟ್ರು ಕೈಮುಗಿದುಬಿಟ್ಟರು. ನಾನು ನಗಲಿಲ್ಲ. ನನ್ನ ಕೈ ಖಾಲಿ ಇದ್ದಿದ್ದರೆ ನಾನೂ ಮುಗಿಯುತ್ತಿದ್ದೆ.

ತೊಂದರೆ ಶುರುವಾದದ್ದು ಕನ್ನಡದಲ್ಲಿ. ನಮ್ಮಲ್ಲಿ ಕನ್ನಡ ಟೈಪ್‌ರೈಟರ್ ಇರಲಿಲ್ಲ. ಕನ್ನಡವನ್ನು ಆ ಮೇಣದ ಹಾಳೆಯ ಮೇಲೆ ಉಕ್ಕಿನ ಮೊನೆಯ ಪೆನ್ನಿನಿಂದ ಕೈಯಲ್ಲೇ ಕೊರೆಯಬೇಕು. ನಾನು ಶಕ್ತಿಮೀರಿ ಒತ್ತಿ ಕೊರೆದೆ. ನಮ್ಮ ಅಕ್ಷರಗಳೋ, ಒಂದಕ್ಕಿಂತ ಒಂದು ದುಂಡು. ಸುತ್ತು ಪೂರ್ತಿಯಾದ ಕಡೆಯಲ್ಲೆಲ್ಲ ನಡುವಿನ ಚೂರು ಉದುರಿಹೋಯಿತು. ಅಚ್ಚು ತೆಗೆದು ನೋಡಿದರೆ ಸೊನ್ನೆಗಳಿದ್ದಲ್ಲಿ ಕರಿ ಬೊಟ್ಟುಗಳು, ಹಾಳೆಯ ತುಂಬ ಸಾಸಿವೆ ಸಿಡಿದ ಹಾಗೆ. ಯಂತ್ರ ಸರಿಯಿಲ್ಲ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಹೆಡ್‌ಮಾಸ್ಟ್ರು ಗೋಡೆಯ ಕಡೆ ನೋಡಿಕೊಂಡು ಹೇಳಿದರು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವಂಥದ್ದು. ಹಾಳಾದ ಸ್ಟೆನ್ಸಿಲನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕಿ ಆ ಶನಿವಾರ ಮನೆಗೆ ಹೋದೆ.

ಮನೆಯಲ್ಲಿ ಅಜ್ಜ ಇದ್ದರು, ನನ್ನ ತಂದೆಯ ತಂದೆ. ಹರೆಯದಲ್ಲಿ ಅವರ ಕೆಲಸ ತಾಳೆಗರಿಯ ಗ್ರಂಥಗಳನ್ನು ಪ್ರತಿ ಮಾಡುವುದು. ಮೂಡಬಿದ್ರೆಯಲ್ಲಿ ಆಗ ಅಂಥವರು ಕೆಲವರಿದ್ದರು. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಂಠವೆಂಬ ಕಬ್ಬಿಣದ ಮೊನೆ. ಗರಿಯ ಚರ್ಮ ಸೀಳಬೇಕು, ಬೆನ್ನಿಗೆ ತಾಗಬಾರದು. ಕೊರೆದ ಮೇಲೆ ಮಸಿ ಸವರಿದರೇ ಅಕ್ಷರ ಕಾಣುವುದು. ಕೊರೆಯುವಾಗ ಎಲ್ಲ ಬೆರಳಿನ ಅಂದಾಜು. ಒಂದು ಗ್ರಂಥ ಮುಗಿಯುವಾಗ ಒಂದು ಮಳೆಗಾಲ ಮುಗಿಯುತ್ತಿತ್ತು. ಕಾಗದ, ಅಚ್ಚುಕೂಟಗಳು ಬಂದು ಆ ವಿದ್ಯೆಯನ್ನು ಯಾರೂ ಕೇಳದ ಹಾಗಾದ ಮೇಲೂ ಅಜ್ಜನ ಎಡ ಹೆಬ್ಬೆರಳಿನ ಉಗುರಿನಲ್ಲಿ ಕಂಠ ಊರುವುದಕ್ಕೆಂದು ಮಾಡಿಕೊಂಡ ಕಚ್ಚು ಹಾಗೇ ಇತ್ತು. ಉಗುರು ಬೆಳೆದ ಹಾಗೆ ಅದನ್ನು ಮತ್ತೆ ಮತ್ತೆ ಕೆತ್ತಿಕೊಳ್ಳುತ್ತಿದ್ದರು. ಬೇಡ ಎಂದು ಯಾರು ಹೇಳಿದರೂ ಕೇಳುವ ಜನವಲ್ಲ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಅವರ ಬಳಿ ತಮ್ಮದೇ ಎನ್ನುವ ಒಂದು ಗರಿಗಳ ಕಟ್ಟು ಉಳಿದಿತ್ತು. ಅವರ ತಂದೆ ಜಗಲಿಯಲ್ಲಿ ಐಗಳ ಮಠ ನಡೆಸುತ್ತಿದ್ದರಂತೆ, ಊರಿನ ಮಕ್ಕಳಿಗೆ ಓದು ಹೇಳಿಕೊಡುವ ಹಳೆಯ ಕಾಲದ ಶಾಲೆ. ಮಕ್ಕಳ ಬಾಯಲ್ಲಿ ಅಕ್ಷರ ಹೊರಳಲಿ ಎಂದು ಹಕ್ಕಿ, ಹೊಳೆ, ಮಳೆಯ ಮೇಲೆ ಸಣ್ಣ ಸಣ್ಣ ಪದ ಕಟ್ಟಿದ್ದರು. ಅಜ್ಜ ಹುಡುಗನಾಗಿದ್ದಾಗ ಅದನ್ನೆಲ್ಲ ಗರಿಯ ಮೇಲೆ ಬರೆದಿಟ್ಟಿದ್ದರು. ಬೇರೆ ಪ್ರತಿ ಎಲ್ಲೂ ಇಲ್ಲ. ಅಂಚು ಹುಡಿಯಾಗುತ್ತಿತ್ತು, ಆ ಹಳೆಯ ಬರಹ ಓದಬಲ್ಲವರು ಮನೆಯಲ್ಲಿ ಅವರೊಬ್ಬರೇ. ಅಷ್ಟು ಹೊತ್ತಿಗೆ ಅವರ ಕಣ್ಣು ಹೋಗುತ್ತಾ ಬಂದಿತ್ತು.

"ನಾನು ಸತ್ತರೆ ಸಾಯ್ತೇನೆ, ಅದಕ್ಕೆ ಬೇಜಾರಿಲ್ಲ" ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ಮನೆಯಲ್ಲಿ ನಮ್ಮದು ತುಳು, ಆದರೆ ಮಾತು ಗಂಭೀರವಾದರೆ ಅಜ್ಜ ಕನ್ನಡಕ್ಕೆ ತಿರುಗುತ್ತಿದ್ದರು. "ಅಪ್ಪಯ್ಯನ ಪದಗಳು ಮಕ್ಕಳ ಬಾಯಿಗೆ ಪುನಃ ಬರಬೇಕು ಮಗಳೇ. ಅದನ್ನೊಂದು ನೋಡಿ ಹೋಗಬೇಕು. ಕಣ್ಣು ಮೊದಲು ಹೋಗ್ತದೋ, ಜೀವ ಮೊದಲು ಹೋಗ್ತದೋ, ಅದೇ ಹೆದರಿಕೆ."

ಆ ಶನಿವಾರ ನಾನು ಯಂತ್ರಕ್ಕೆ ಬೈಯುತ್ತಾ ಹಾಳಾದ ಸ್ಟೆನ್ಸಿಲನ್ನು ಅವರ ಮುಂದೆ ಹಾಕಿದೆ. ಅಜ್ಜ ಅದನ್ನು ಕಣ್ಣಿನ ಹತ್ತಿರ ತರಲಿಲ್ಲ, ಬೆರಳಿನಿಂದ ಸವರಿದರು. ಮೇಲಿನಿಂದ ಕೆಳಗೆ, ಪುನಃ ಕೆಳಗಿನಿಂದ ಮೇಲೆ. ಆಮೇಲೆ ಕೇಳಿದರು, "ಇದರಲ್ಲಿ ಮಸಿ ಎಲ್ಲಿಂದ ಹಾಕುದು?" ಒಳಗಿನಿಂದ ಎಂದೆ. "ಎಷ್ಟು ಪ್ರತಿ ಆಗ್ತದೆ?" ನೂರು ಬೇಕಾದರೆ ನೂರು, ಇನ್ನೂರು ಬೇಕಾದರೆ ಇನ್ನೂರು ಎಂದೆ. ಅಜ್ಜ ನಂಬಲಿಲ್ಲ. ಸ್ಟೆನ್ಸಿಲ್ ಎಂಬ ಹೆಸರು ಅವರ ನಾಲಿಗೆಗೆ ಹತ್ತಲೂ ಇಲ್ಲ. ಯಾವ ಗ್ರಂಥವನ್ನು ಮುಂದಿಟ್ಟುಕೊಂಡು ಪ್ರತಿ ಮಾಡುತ್ತಾರೋ ಅದನ್ನು ಅವರ ವೃತ್ತಿಯಲ್ಲಿ ಮಾತೃಕೆ ಎನ್ನುತ್ತಿದ್ದರು. "ಹಾಗಾದರೆ ಇದು ಮಾತೃಕೆ" ಎಂದರು. ಪುಸ್ತಿಕೆಯ ಇಂಗ್ಲಿಷಿನಲ್ಲಿ ನಾನು ತಡಕಾಡುತ್ತಿದ್ದ ವಿಷಯ ಆ ಮಾತಿನಿಂದ ನನಗೆ ನಿಚ್ಚಳವಾಯಿತು: ನಾನು ಕೊರೆಯುವುದು ಪ್ರಶ್ನೆಪತ್ರಿಕೆಯನ್ನಲ್ಲ, ಪ್ರಶ್ನೆಪತ್ರಿಕೆಗಳ ತಾಯಿಯನ್ನು.

ಅಜ್ಜ ಕೂಡಲೇ ಕಂಠ ತರಿಸಿದರು. ನಾನು ತಂದಿದ್ದ ಒಂದು ಹೊಸ ಹಾಳೆಯನ್ನು ಎಡಗೈಯಲ್ಲಿ ಗರಿ ಹಿಡಿದ ಹಾಗೆ ಹಿಡಿದು ಮೊದಲ ಅಕ್ಷರ ಎಳೆದರು. ಹಾಳೆ ಪರ್ರೆಂದು ಹರಿಯಿತು. ಮನೆಯವರೆಲ್ಲ ನೋಡುತ್ತಿದ್ದರು. "ಇದು ಒಂದು ವಸ್ತುವಾ?" ಎಂದು ಸಿಡುಕಿ ಎದ್ದು ಹೋದವರು ಮರುದಿನ ನಾನು ಬಸ್ಸಿಗೆ ಹೊರಡುವವರೆಗೂ ನನ್ನೊಡನೆ ಮಾತಾಡಲಿಲ್ಲ. ಮೂಗಿನ ತುದಿಯ ಕೋಪ ನನಗೆ ಬಂದದ್ದು ಎಲ್ಲಿಂದ ಎಂದು ಕೇಳಬೇಕಾಗಿಲ್ಲ.

ಆದರೆ ಅವರ ತಲೆಯಿಂದ ಅದು ಹೋಗಲಿಲ್ಲ. ಮುಂದಿನ ತಿಂಗಳು ಅವರನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಮಂಗಳೂರಿಗೆ ಕರೆದುಕೊಂಡು ಹೋದೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದು ಎಷ್ಟು ಸಮಯವೋ ಹೇಳುವುದಕ್ಕಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಜ್ಜ ತಲೆಯಾಡಿಸಿ ಹೊರಗೆ ಬಂದು, "ಆ ಹಾಳೆ ಎಲ್ಲಿ ಸಿಗ್ತದೆ?" ಎಂದು ಕೇಳಿದರು. ಬಂಟ್ವಾಳದಲ್ಲಿ ಶಾಲೆಗೆ ಸಾಮಾನು ಕೊಡುವ ಬ್ಯಾರಿ ಸಾಹುಕಾರರ ಅಂಗಡಿ ಇತ್ತು. ಬರುವಾಗ ಬಳಸು ದಾರಿ ಹಿಡಿದು ಅಲ್ಲಿ ಇಳಿದೆವು.

ಸಾಹುಕಾರರು ಅಜ್ಜನಿಗೆ ಕುರ್ಚಿ ಹಾಕಿಸಿ, ಶರಬತ್ತು ತರಿಸಿ, ಒಂದೊಂದನ್ನೇ ಅವರ ಕೈಗೆ ಕೊಟ್ಟು ವಿವರಿಸಿದರು. "ಅಜ್ಜೇರೇ, ಈ ಕಾಗದ ನೋಡಿ, ದೊರಗು ಉಂಟಲ್ವಾ? ಇದು ಬರೆಯುವ ಕಾಗದ ಅಲ್ಲ, ಶಾಯಿ ಕುಡಿಯುವ ಕಾಗದ. ನುಣುಪಿನದ್ದು ಹಾಕಿದರೆ ಎಲ್ಲ ಮೆತ್ತಿಕೊಳ್ತದೆ." ಆಮೇಲೆ ಒಂದು ಪೆನ್ನು ಕೊಟ್ಟರು. ಅದರ ತುದಿಯಲ್ಲಿ ಮೊನೆಯಿರಲಿಲ್ಲ, ರಾಗಿಕಾಳಿನಷ್ಟು ಚಿಕ್ಕ ಉಕ್ಕಿನ ಗುಂಡಿತ್ತು. "ಕೈಬರಹಕ್ಕೆ ಇದೇ ಆಗಬೇಕು. ಮೊನೆ ಇದ್ದರೆ ಹರೀತದೆ." ಅಜ್ಜ ಆ ಗುಂಡನ್ನು ಉಗುರಿನ ಕಚ್ಚಿಗೆ ಇಟ್ಟು ನೋಡಿದರು. ಅಲ್ಲಿ ಅದು ಒಪ್ಪವಾಗಿ ಕೂತಿತು. ಅವರ ಮುಖ ಆಗ ಹೇಗೆ ಅರಳಿತು ಎಂದು ನಾನು ಇವತ್ತಿಗೂ ಹೇಳಬಲ್ಲೆ.

ಆಮೇಲಿನ ವಾರಗಳಲ್ಲಿ ಅಜ್ಜ ಜಗಲಿಯಲ್ಲಿ ಕೂತು ತಮ್ಮ ಅಪ್ಪಯ್ಯನ ಪದಗಳನ್ನು ಆ ಹಾಳೆಗಳ ಮೇಲೆ ಕೊರೆದರು. ಗರಿಯ ಮೇಲಿನ ಅಕ್ಷರವನ್ನು ಎಡಗೈ ಬೆರಳು ಸವರಿ ಓದುತ್ತಿತ್ತು, ಬಲಗೈ ಮೇಣದ ಮೇಲೆ ಇಳಿಸುತ್ತಿತ್ತು. ನಮ್ಮ ಮಕ್ಕಳಿಗೆ ಓದಲು ಬರುವ ಹಾಗೆ ಹೊಸ ಬಗೆಯ ಅಕ್ಷರದಲ್ಲೇ ಬರೆದರು. ಸುತ್ತು ಬಂದಲ್ಲಿ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಬಿಡುತ್ತಿದ್ದರು. ಒಂದು ಚೂರೂ ಉದುರಲಿಲ್ಲ. ಶನಿವಾರ ಮನೆಗೆ ಬಂದವಳು ನಾನು ಹಾಳೆಯನ್ನು ಬೆಳಕಿಗೆ ಹಿಡಿಯುತ್ತಿದ್ದೆ. ನೀಲಿಯ ನಡುವೆ ಬೆಳ್ಳಗೆ, ಸಾಲು ಸಾಲಾಗಿ, ಹುರಿಗಟ್ಟಿದ ಅಕ್ಷರಗಳು. ಅರ್ಧ ಕುರುಡರ ಕೈಯಿಂದ ಬಂದದ್ದೆಂದು ಯಾರು ಹೇಳಬೇಕು!

ಒಮ್ಮೆ ಮಾತ್ರ ಒಂದು ಸಾಲು ಬಿಟ್ಟು ಮುಂದಿನದನ್ನು ಬರೆದುಬಿಟ್ಟಿದ್ದರು. ಅದು ತಮಗೇ ಗೊತ್ತಾಗಿ, ಊಟ ಬಿಟ್ಟು ಕೂತಿದ್ದರು. ಗರಿಯ ಮೇಲೆ ತಪ್ಪಿದರೆ ಅಳಿಸುವ ದಾರಿಯಿಲ್ಲ. ಮುಂದೆ ಪ್ರತಿ ಮಾಡುವವನು ತಿದ್ದಿಕೊಳ್ಳಲಿ ಎಂದು ಗುರುತು ಹಾಕಿ ಬಿಡುತ್ತಾರೆ. "ಇದರಲ್ಲಿ ತಪ್ಪಿದರೆ ನೂರು ಮಕ್ಕಳ ಕೈಯಲ್ಲೂ ಅದೇ ತಪ್ಪು. ಎಂಥ ಭಯಂಕರ ವಿದ್ಯೆ ಇದು!" ಎಂದರು. ನಾನು ಚೀಲದಿಂದ, ಯಂತ್ರದ ಜೊತೆ ಬಂದಿದ್ದ ಕೆಂಪು ದ್ರವದ ಸಣ್ಣ ಬಾಟಲಿ ತೆಗೆದು, ತಪ್ಪಿದ ಸಾಲಿನ ಮೇಲೆ ಕುಂಚದಿಂದ ಸವರಿ, ಒಣಗಲು ಬಿಟ್ಟೆ. ಕೊರೆದ ದಾರಿಗಳೆಲ್ಲ ಮುಚ್ಚಿಹೋದವು. "ಈಗ ಬೆರಳಿಡಿ" ಎಂದೆ. ಅಜ್ಜ ಬೆರಳಿಟ್ಟರು. ಅಕ್ಷರ ಸಿಗಲಿಲ್ಲ. ಬಾಯಿ ತೆರೆದವರು ಮುಚ್ಚಲಿಲ್ಲ. "ಗಾಯ ಮಾಗಿದ ಹಾಗೆ ಮಾಗಿತಲ್ಲ" ಎಂದು ಆಮೇಲೆ ಮೆಲ್ಲಗೆ ಹೇಳಿ, ಬಾಟಲಿಯನ್ನು ಮೂಸಿ, ಕೆಮ್ಮಿ, ನನ್ನ ತಾಯಿಯನ್ನು ಕರೆದು ಊಟ ಬಡಿಸಲು ಹೇಳಿದರು.

ಮಾತೃಕೆಗಳು ಮುಗಿಯುವ ಹೊತ್ತಿಗೆ ಅವರಿಗೆ ಕಿಟಕಿ ಯಾವುದು, ಗೋಡೆ ಯಾವುದು ಎಂಬುದಷ್ಟೇ ಕಾಣುತ್ತಿತ್ತು. ಒಂದು ಶುಕ್ರವಾರ ನಾನು ರಜೆ ಹಾಕಿ ಊರಿಗೆ ಹೋಗಿ, ಮರುದಿನ ಬೆಳಗ್ಗಿನ ಬಸ್ಸಿನಲ್ಲಿ ಅವರನ್ನು ಬೆಳ್ತಂಗಡಿಗೆ ಕರೆತಂದೆ. ನೀಲಿ ಹಾಳೆಗಳ ಸುರುಳಿಯನ್ನು ಅವರು ದಾರಿಯುದ್ದ ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಹೆಡ್‌ಮಾಸ್ಟ್ರು ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. "ಅಜ್ಜೇರೇ, ಹಿಡಿ ನೀವೇ ತಿರುಗಿಸಿ" ಎಂದು ಅವರ ಕೈಯನ್ನು ಹಿಡಿಯ ಮೇಲೆ ಇಟ್ಟರು. ಅಜ್ಜ ತಿರುಗಿಸಿದರು. ಸರ್ರೆಂದು ಒಂದು ಹಾಳೆ ಬಿತ್ತು. ಅವರು ಅದನ್ನೆತ್ತಿ ಸವರಿದರು. ಒದ್ದೆ ಶಾಯಿ ಬೆರಳಿಗೆ ಹತ್ತಿತು, ಅಕ್ಷರ ಹತ್ತಲಿಲ್ಲ. ಕಾಗದ ಬರೇ ಕಾಗದವಾಗಿತ್ತು.

"ಬಂದಿದೆಯಾ?" ಎಂದು ಕೇಳಿದರು. ಬಂದಿದೆ ಅಜ್ಜ, ನಿಮ್ಮದೇ ಅಕ್ಷರ, ಹಾಗೆಯೇ ಬಂದಿದೆ ಎಂದೆ. ನಾನು ಹಿಡಿ ತೆಗೆದುಕೊಂಡು ತಿರುಗಿಸಿದೆ; ಆ ಮೊದಲ ಮಾತೃಕೆಯ ಪ್ರತಿಗಳು ಅವರ ಕೈಬರಹದಲ್ಲೇ ಒಂದರ ಮೇಲೊಂದು ಬಂದು ಬಿದ್ದವು. ಅಜ್ಜ ಮಾತ್ರ ಸಮಾಧಾನವಾಗದೆ, "ಎಲ್ಲ ಪ್ರತಿಯನ್ನೂ ತಾಳೆ ನೋಡಬೇಕು" ಎಂದು ಹಟ ಹಿಡಿದರು.

ತಾಳೆ ನೋಡುವುದು ಅವರ ವೃತ್ತಿಯ ನಿಯಮ. ಪ್ರತಿ ಮುಗಿದ ಮೇಲೆ ಮಾತೃಕೆಯನ್ನು ಒಬ್ಬ, ಪ್ರತಿಯನ್ನು ಇನ್ನೊಬ್ಬ ಹಿಡಿದು ಒಟ್ಟಿಗೆ ಗಟ್ಟಿಯಾಗಿ ಓದುತ್ತಾರೆ. ಎಲ್ಲಿ ದನಿ ಒಡೆಯಿತೋ ಅಲ್ಲಿ ತಪ್ಪು. ತಪ್ಪಿಲ್ಲದ ಪ್ರತಿಯನ್ನು ಅಜ್ಜ ಆಯುಷ್ಯದಲ್ಲಿ ಕಂಡಿರಲಿಲ್ಲ. ಕೈ ಸೋಲುತ್ತದೆ, ಮನಸ್ಸು ಜಾರುತ್ತದೆ. ಅದಕ್ಕೇ ಗ್ರಂಥದ ಕೊನೆಯಲ್ಲಿ ಓದುಗರ ಕ್ಷಮೆ ಕೇಳುವ ಪದ್ಧತಿ ಇರುವುದು. ಯಂತ್ರದ್ದು ಹಾಗಲ್ಲ, ಒಂದು ನೋಡಿದರೆ ಎಲ್ಲ ನೋಡಿದ ಹಾಗೆ ಎಂದು ನಾನು ಹೇಳಿದೆ, ಬಿಡಿಸಿ ಹೇಳಿದೆ, ಕಡೆಗೆ ಗದರಿದೆ. "ನಿನ್ನ ಯಂತ್ರಕ್ಕೆ ಕೈ ಸೋಲುದಿಲ್ಲವಾ?" ಎಂದರು. ಸುಳ್ಳಲ್ಲ, ಕೊನೆಯ ಹಾಳೆಗಳಲ್ಲಿ ಶಾಯಿ ತೆಳುವಾಗಿತ್ತು. ನಾನು ಮಂಡೆ ಬಿಸಿ ಮಾಡಿಕೊಂಡು ಹೊರಗೆ ಹೋಗಿ ನಿಂತೆ.

ಹೆಡ್‌ಮಾಸ್ಟ್ರು ಹಾಳೆಗಳ ಕಟ್ಟನ್ನು ಎತ್ತಿಕೊಂಡರು. "ಟೀಚರ್, ಜಗಳ ಎಂತಕ್ಕೆ? ಅಜ್ಜೇರು ಹೇಳಿದ ಹಾಗೆಯೇ ಮಾಡುವ. ಎಲ್ಲವನ್ನೂ ಒಂದೇ ಸಲ ತಾಳೆ ನೋಡುವ" ಎಂದು ನನ್ನ ತರಗತಿಗೆ ಹೋಗಿ ಮಕ್ಕಳಿಗೆಲ್ಲ ಹಂಚಿದರು. ಅಜ್ಜನಿಗೆ ನನ್ನ ಕುರ್ಚಿ. ಅವರು ಮುಂದಕ್ಕೆ ಬಾಗಿ, ಕಿವಿಯ ಹಿಂದೆ ಕೈ ಇಟ್ಟು, ತಪ್ಪು ಹಿಡಿಯಲು ತಯಾರಾಗಿ ಕೂತರು. ನಾನು ಒಂದು, ಎರಡು, ಮೂರು ಎಂದೆ. ಮಕ್ಕಳು ಶುರುಮಾಡಿದರು:

ಕೊಕ್ಕರೆ ಕೊಕ್ಕರೆ ಒಂಟಿಕಾಲ ಕೊಕ್ಕರೆ
ಇನ್ನೊಂದು ಕಾಲ ಯಾರಲ್ಲಿ ಅಡವಿಟ್ಟೆ?

ಮೊದಲ ಸಾಲಿಗೇ ಮಕ್ಕಳಿಗೆ ನಗು ಬಂತು, ಆದರೆ ಓದು ನಿಲ್ಲಲಿಲ್ಲ. ಕೊಕ್ಕರೆ ಮುಗಿದು ಹೊಳೆ ಬಂತು, ಹೊಳೆ ದಾಟಿ ಮಳೆ ಬಂತು. ಕಿಟಕಿ ಬಾಗಿಲುಗಳಲ್ಲಿ ಬೇರೆ ತರಗತಿಯ ಮಕ್ಕಳು ಬಂದು ನಿಂತರು. ಅಜ್ಜ ಒಂದೊಂದು ಸಾಲಿನ ತುದಿಯಲ್ಲೂ ಉಸಿರು ಬಿಗಿಹಿಡಿಯುತ್ತಿದ್ದರು. ದನಿ ಈಗ ಒಡೆಯುತ್ತದೆ, ಇಲ್ಲಿ ಒಡೆಯುತ್ತದೆ ಎಂದು ಅವರು ಕಾಯುತ್ತಿದ್ದುದು ಅವರ ಕತ್ತಿನ ನರದಲ್ಲಿ ಕಾಣುತ್ತಿತ್ತು. ಒಡೆಯಲಿಲ್ಲ. ಇಡೀ ತರಗತಿ ಒಂದೇ ಬಾಯಿಯಾಗಿ ಹಾಳೆಯ ಕೊನೆ ಮುಟ್ಟಿತು. ನಾನು ದಿನಾ ಬೈದು ಬೈದು ಓದಿಸುವ ಇದೇ ಮಕ್ಕಳಾ ಇವರು ಎಂದು ನನಗೆ ಆಶ್ಚರ್ಯವಾಯಿತು.

ಅಜ್ಜನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಮಕ್ಕಳ ಕಡೆಗೆ ಮುಖಮಾಡಿ, "ಈ ಹಾಳೆ ವಾಪಸು ಕೊಡಬೇಕಾ ನೀವು?" ಎಂದು ಕೇಳಿದರು. "ಇಲ್ಲ ಅಜ್ಜಾ, ನಮಗೇ!" ಎಂದು ತರಗತಿ ಕೂಗಿತು. ಅವರಿಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ಅವರು ಕಂಡ ಗ್ರಂಥಗಳೆಲ್ಲ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿ ಇಡುವಂಥವು, ಕೈ ತೊಳೆದು ಮುಟ್ಟುವಂಥವು. "ಎಲ್ಲರಿಗೂ ಒಂದೊಂದಾ?" ಎಂದು ನನ್ನ ಕಡೆ ತಿರುಗಿ ಕೇಳಿದರು. ಹೌದು ಅಜ್ಜ, ಒಂದೊಂದು ಎಂದೆ.

ಶಾಲೆ ಬಿಟ್ಟ ಮೇಲೆ ನಾವು ಗುರುವಾಯನಕೆರೆಗೆ ಬಂದು ಮೂಡಬಿದ್ರೆಯ ಬಸ್ಸಿಗೆ ನಿಂತೆವು. ನನ್ನ ತರಗತಿಯ ಒಬ್ಬಳು ಹುಡುಗಿಯ ಮನೆ ಆ ಕಡೆಗೇ ಇತ್ತು. ನಮ್ಮನ್ನು ಅವಳು ನೋಡಿರಲಿಲ್ಲ. ಹಾಳೆಯನ್ನು ಮುಖದ ಮುಂದೆ ಹಿಡಿದುಕೊಂಡು, ರಸ್ತೆಯಂಚಿನಲ್ಲಿ ಕುಪ್ಪಳಿಸುತ್ತಾ, ಕೊಕ್ಕರೆಯ ಪದವನ್ನು ತನ್ನದೇ ಒಂದು ರಾಗದಲ್ಲಿ ಕಿರುಚಿಕೊಂಡು ಹೋಗುತ್ತಿದ್ದಳು. ಅಡವಿಟ್ಟ ಕಾಲನ್ನು ಕೊಕ್ಕರೆಗೆ ಬಿಡಿಸಿಕೊಡುವ ಒಂದು ಸಾಲನ್ನು ತಾನೇ ಕಟ್ಟಿ ಸೇರಿಸಿದ್ದಳು. ಅದು ಅಜ್ಜನ ಅಪ್ಪಯ್ಯ ಬರೆದದ್ದಲ್ಲ, ಗರಿಯಲ್ಲಿ ಇದ್ದದ್ದಲ್ಲ.

ಅಜ್ಜನ ಕತ್ತು ಸರಕ್ಕನೆ ಆ ಕಡೆ ತಿರುಗಿತು.

"ತಪ್ಪು ಹೇಳ್ತಾ ಇದ್ದಾಳೆ" ಎಂದರು.

"ಕರೆದು ತಿದ್ಲಾ ಅಜ್ಜ?"

ಬಸ್ಸು ಬಂದು ನಿಂತಿತು. ಕಂಡಕ್ಟರು ಬೇಗ ಹತ್ತಿ ಎಂದು ಕೂಗಿದ. ಅಜ್ಜ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದುಕೊಂಡು ಹಾಗೇ ನಿಂತರು.

"ಬೇಡ" ಎಂದರು. "ಸ್ವಲ್ಪ ನಿಲ್ಲು. ಅವಳು ಹೇಳಿ ಮುಗಿಸಲಿ."